ಪರಸ್ಥಾನ ಇಟ್ಟ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಪೈಕಿಯವನಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವನು. ಯಾರಾದರೂ ದೆವ್ವದ ಮಾತು ತೆಗೆದರೆ, ನೀವೇ ನೋಡಿದಿರೋ ಅಥವಾ ನೋಡಿದವರನ್ನು ನೋಡಿದಿರೋ ಎಂದು ಕೇಳಿ ಅವರ ಬಾಯಿ ಮುಚ್ಚಿಸುವುದು ನನಗೊಂದು ಚಟವಾಗಿತ್ತು. ಮದುವೆ ಮನೆಗಳಲ್ಲಿ ಊಟವಾದ ಮೇಲೆ ಹಿರಿಯರು ಎಲೆಯಡಿಕೆ ಹಾಕಿಕೊಂಡು ಇಂಥ ವಿಷಯ ಶುರುಮಾಡಿದ್ದರೆ, ನಾನು ಬರುವುದನ್ನು ಕಂಡು ಮಳೆ ಬೆಳೆಯ ಕಡೆಗೆ ಹೊರಳುತ್ತಿದ್ದರು. ಅವರಲ್ಲಿ ಯಾರಾದರೂ ಇದನ್ನು ಓದಿ ನಕ್ಕರೆ ನಗಲಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಯುದ್ಧ ನಡೆಯುತ್ತಿದ್ದ ಕಾಲ ಅದು. ಪೆಟ್ರೋಲಿಗೆ ರೇಷನ್ನು ಬಂದು, ಬಸ್ಸು ಕಾರುಗಳೆಲ್ಲ ಬೆನ್ನಿಗೊಂದು ಇದ್ದಿಲಿನ ಡ್ರಮ್ಮು ಕಟ್ಟಿಕೊಂಡು ಓಡಾಡುತ್ತಿದ್ದವು. ಡ್ರಮ್ಮಿಗೆ ಇದ್ದಿಲು ತುಂಬಿ, ಬೆಂಕಿ ಹಚ್ಚಿ, ಪಕ್ಕದ ಚಕ್ರವನ್ನು ಕೈಯಲ್ಲಿ ತಿರುಗಿಸಿ ಗಾಳಿ ಹಾಕಬೇಕು. ತೋಳು ಸೋತುಹೋಗುವಷ್ಟು ತಿರುಗಿಸಿದ ಮೇಲೆ ಗ್ಯಾಸು ಹುಟ್ಟಿ ಇಂಜಿನ್ನು ಕೆಮ್ಮಿಕೊಂಡು ಏಳುತ್ತಿತ್ತು. ಸಮನಾದ ರಸ್ತೆಯಲ್ಲಿ ಪರವಾಗಿಲ್ಲ, ಏರು ಸಿಕ್ಕಿತೆಂದರೆ ಒಳಗೆ ಕುಳಿತವರು ಇಳಿದು ತಳ್ಳಬೇಕು. ಇಂಥದೊಂದು ಕಾರು ನನ್ನ ಸ್ನೇಹಿತ ರುದ್ರಣ್ಣನ ಮನೆಯಲ್ಲಿತ್ತು. ಅವನ ತಂದೆಯದು ಹಾಸನದಲ್ಲಿ ಮೆಣಸಿನಕಾಯಿ ಮಂಡಿ. ರುದ್ರಣ್ಣ ಆಳು ದಪ್ಪ, ದನಿ ಇನ್ನೂ ದಪ್ಪ, ಆ ಕಾರಿನ ಹಟಮಾರಿತನವೆಲ್ಲ ಬಲ್ಲವನು. ಬೇಸಿಗೆಯಲ್ಲಿ ವ್ಯಾಪಾರ ತಣ್ಣಗಾಗಿದ್ದಾಗ ಕೆಲವು ದಿನಗಳ ಮಟ್ಟಿಗೆ ಕಾರು ಕೊಡಲು ಅವನ ತಂದೆ ಒಪ್ಪಿದರು. ನಮ್ಮ ಪ್ರವಾಸ ಹುಟ್ಟಿದ್ದು ಹಾಗೆ.

ಆದರೆ ನಿಜವಾಗಿ ಆ ಪ್ರವಾಸ ನಮ್ಮಿಬ್ಬರದಲ್ಲ, ಗಂಗಾಧರನದು. ನಾವು ಮೂವರೂ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. ಗಂಗಾಧರ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಓದು ನಿಲ್ಲಿಸಿ, ಬಸ್ಸಿನ ಆಫೀಸೊಂದರಲ್ಲಿ ಟಿಕೆಟ್ಟು ಕೊಡುವ ಕೆಲಸಕ್ಕೆ ಸೇರಿದ್ದ. ಅರಕಲಗೂಡು, ಕೊಣನೂರು, ಹೊಳೆನರಸೀಪುರ, ಚನ್ನರಾಯಪಟ್ಟಣ ಎಂದು ದಿನವೂ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದವನು ಅವುಗಳಲ್ಲಿ ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ರಜ ಸಿಕ್ಕುತ್ತಿರಲಿಲ್ಲ, ಸಿಕ್ಕಿದ ದಿನ ಮನೆಯಲ್ಲಿ ಕೆಲಸ. ಕಂಡಿರದಿದ್ದರೂ ಅವನಿಗೆ ಗೊತ್ತಿಲ್ಲದ್ದು ಇರಲಿಲ್ಲ. ಬಸ್ಸಿಗೆ ಕಾಯುವವರನ್ನು ಮಾತಿಗೆಳೆದು, ನಿಮ್ಮೂರ ಬಾವಿ ಎಲ್ಲಿದೆ, ನೆರಳು ಎಲ್ಲಿದೆ, ಹೊಳೆಗೆ ಇಳಿಯುವುದು ಹೇಗೆ ಎಂದು ಕೇಳಿ ಕೇಳಿ ಎಲ್ಲವನ್ನೂ ತಲೆಯಲ್ಲಿ ತುಂಬಿಕೊಂಡಿದ್ದ.

ಆ ಬೇಸಿಗೆಯ ಸಂಜೆಗಳು ಅವನ ಮನೆಯ ಜಗಲಿಯ ಮೇಲೆ ಹೇಗೆ ಕಳೆದವೋ ನನಗೇ ತಿಳಿಯದು. ಅವನ ತಾಯಿ ಗೌರಮ್ಮನವರು ಪಾನಕ ಮಾಡಿ ಕೊಡುತ್ತಿದ್ದರು, ಅವನು ಗೋಡೆಗೊರಗಿ ಕಣ್ಣು ಅರೆಮುಚ್ಚಿಕೊಂಡು ದಾರಿ ಹೇಳುತ್ತಿದ್ದ. ಅರಕಲಗೂಡಿನ ದಾರಿಯಲ್ಲಿ ಹೊಂಗೆಮರದ ಸಾಲು ಬರುತ್ತದಂತೆ, ಆದರೆ ಅಲ್ಲಿ ಬುತ್ತಿ ಬಿಚ್ಚಬಾರದಂತೆ, ಇನ್ನೂ ಸ್ವಲ್ಪ ಮುಂದೆ ಹೋದರೆ ಸಿಹಿನೀರ ಬಾವಿ ಇದೆಯಂತೆ. ಕೊಣನೂರಿನಲ್ಲಿ ಬೇಸಿಗೆಯ ಕಾವೇರಿ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಾಳಂತೆ, ಬೆಳಗಿನ ಹೊತ್ತು ಅಲ್ಲಿ ಮೀಯದೆ ಬರಬಾರದಂತೆ. ಹೊಳೆನರಸೀಪುರದಲ್ಲಿ ಹೇಮಾವತಿಯ ದಡದ ಹತ್ತಿರ ಇದ್ದಿಲು ಮಾರುವವನೊಬ್ಬನಿದ್ದಾನೆ, ಅವನ ಇದ್ದಿಲಿನಲ್ಲಿ ಹುಡಿ ಕಡಿಮೆ. ಎಲ್ಲಕ್ಕಿಂತ ಕೊನೆಗೆ ಜಿನನಾಥಪುರ. ಬೆಳಗೊಳಕ್ಕೆ ಹೋದವರೆಲ್ಲ ಬೆಟ್ಟ ಹತ್ತಿ ಇಳಿದು ಬಂದುಬಿಡುತ್ತಾರೆ, ಪಕ್ಕದಲ್ಲೇ ಇರುವ ಜಿನನಾಥಪುರದ ಬಸದಿಯನ್ನು ನೋಡುವವರಿಲ್ಲ, ಎಳೆಬಿಸಿಲು ಬಿದ್ದಾಗ ಅದರ ಗೋಡೆಯ ಶಿಲ್ಪಗಳನ್ನು ನೋಡಬೇಕು ಎನ್ನುತ್ತಿದ್ದ. ಇವನು ಎಂದು ನೋಡಿ ಬಂದ ಎಂದು ರುದ್ರಣ್ಣ ಛೇಡಿಸಿದರೆ ಅವನಿಗೆ ಬೇಸರವೇನೂ ಆಗುತ್ತಿರಲಿಲ್ಲ. ಕಾರು ಹತ್ತುವುದಕ್ಕೆ ಮೊದಲೇ ನಾವು ಆ ದಾರಿಯಲ್ಲಿ ಎಷ್ಟೋ ಸಲ ಹೋಗಿ ಬಂದಂತಾಗಿತ್ತು.

ಹೊರಡುವುದು ಗುರುವಾರ ಎಂದಾಯಿತು. ಗುರುವಾರ ದಕ್ಷಿಣಕ್ಕೆ ಶೂಲ, ಹೊರಡಕೂಡದು ಎಂದು ಗೌರಮ್ಮನವರು ತಕರಾರು ತೆಗೆದರು. ಗಂಗಾಧರನಿಗೆ ರಜ ಸಿಕ್ಕಿದ್ದು ಆ ದಿನದಿಂದ, ಕಾರು ಸಿಕ್ಕಿದ್ದೂ ಆ ದಿನದಿಂದ. ಇಂಥ ಪೇಚಿಗೆ ನಮ್ಮ ಕಡೆ ಒಂದು ಉಪಾಯವುಂಟು. ಒಳ್ಳೆಯ ಗಳಿಗೆಯಲ್ಲಿ ಪ್ರಯಾಣಿಕನ ಬಟ್ಟೆಯನ್ನು ಹಿಡಿ ಅಕ್ಕಿ, ಅರಿಸಿನ, ಅಡಿಕೆಗಳ ಜೊತೆ ಗಂಟು ಕಟ್ಟಿ, ಹೋಗಬೇಕಾದ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟು ಬರುವುದು. ಗಂಟು ಮನೆ ಬಿಟ್ಟಿತೆಂದರೆ ಆಳೂ ಹೊರಟಂತೆಯೇ ಲೆಕ್ಕ. ಆಮೇಲೆ ಅವನು ಯಾವ ದಿನ ಹೊರಟರೂ, ದಾರಿಯಲ್ಲಿ ಆ ಗಂಟನ್ನು ಎತ್ತಿಕೊಂಡು ಹೋದರಾಯಿತು. ಇದಕ್ಕೆ ಪರಸ್ಥಾನ ಇಡುವುದು ಎನ್ನುತ್ತಾರೆ. ಬುಧವಾರ ಬೆಳಿಗ್ಗೆ ಗೌರಮ್ಮನವರು ಊರಿನ ತೆಂಕಣ ಕೊನೆಯಲ್ಲಿದ್ದ ನೆಂಟರ ಮನೆಯಲ್ಲಿ ಮಗನ ಪರಸ್ಥಾನ ಇಟ್ಟು ಬಂದರು. ನನ್ನದೂ ಇಡುತ್ತೇನೆಂದರು. ನಾನು ನಕ್ಕು ಬೇಡವೆಂದೆ, ರುದ್ರಣ್ಣ ನನ್ನನ್ನು ನೋಡಿ ಬೇಡವೆಂದ.

ಬುಧವಾರ ರಾತ್ರಿ ಗಂಗಾಧರನಿಗೆ ಚಳಿಜ್ವರ ಬಂತು. ಆಗ ನಮ್ಮ ಸೀಮೆಯಲ್ಲಿ ಅದು ಹೊಸದೇನಲ್ಲ, ಆದರೆ ಸಲೀಸಾದ ಕಾಯಿಲೆಯೂ ಅಲ್ಲ. ಎಷ್ಟೋ ಮನೆಗಳಲ್ಲಿ ಜೀವಗಳನ್ನು ಕೊಂಡೊಯ್ದಿತ್ತು. ಬೆಳಿಗ್ಗೆ ನಾವು ಕಾರು ತಂದು ನಿಲ್ಲಿಸಿದಾಗ ಅವನು ಇದ್ದಬದ್ದ ಕಂಬಳಿಯನ್ನೆಲ್ಲ ಹೊದ್ದು ನಡುಗುತ್ತಿದ್ದ. ಕಣ್ಣು ತೆರೆದರೂ ನಮ್ಮನ್ನು ಗುರುತಿಸಿದಂತೆ ಕಾಣಲಿಲ್ಲ. ಡಾಕ್ಟರು ಬಂದು ಕ್ವಿನೈನು ಕೊಟ್ಟು, ಎರಡು ದಿನ ಕಳೆಯಲಿ ನೋಡೋಣ ಎಂದರಂತೆ. ನಾವು ಪ್ರಯಾಣ ಬಿಟ್ಟುಬಿಡುವುದೆಂದು ಬಾಗಿಲಲ್ಲೇ ತೀರ್ಮಾನಿಸಿ ಕಾರಿನ ಬೆಂಕಿ ಆರಿಸಲು ಹೊರಟಿದ್ದೆವು. ಗೌರಮ್ಮನವರು ಹಿಂದೆಯೇ ಬಂದರು.

"ನೀವು ಓಗ್ಲೇಬೇಕು ಕಣ್ರಪ್ಪ. ಇಟ್ಟ ಗಂಟು ಹಂಗೇ ತಿರ್ಗಿ ಮನೆಗೆ ಬಂದ್ರೆ ಅವನಿಗೆ ಒಳ್ಳೇದಲ್ಲ. ಅವನು ಬರದಿದ್ರೂ ಗಂಟಾದ್ರೂ ಅಷ್ಟೂ ಊರು ಸುತ್ಕೊಂಡು ಬರ್ಲಿ."

ಅವರ ಮುಖ ನೋಡಿ ನನಗೆ ಎದುರು ಹೇಳಲಾಗಲಿಲ್ಲ. ಸಂಕಟದಲ್ಲಿರುವ ತಾಯಿಯ ಹತ್ತಿರ ವಾದ ಮಾಡುವುದಕ್ಕಿಂತ ಒಂದು ಗಂಟನ್ನು ಕಾರಿನಲ್ಲಿ ಸುತ್ತಾಡಿಸಿಕೊಂಡು ಬರುವುದು ಸುಲಭವೆಂದುಕೊಂಡೆ. ಊರ ಕೊನೆಯ ನೆಂಟರ ಮನೆಯಲ್ಲಿ ಗಂಟನ್ನು ಇಸಿದುಕೊಂಡು ಹಿಂದಿನ ಸೀಟಿನಲ್ಲಿ ಗಂಗಾಧರ ಕುಳಿತುಕೊಳ್ಳಬೇಕಾಗಿದ್ದ ಜಾಗದಲ್ಲಿಟ್ಟೆವು.

ಹೊಂಗೆಮರದ ಸಾಲು ಬಂತು. ಅದನ್ನು ದಾಟಿ ಸ್ವಲ್ಪ ಮುಂದೆ ಬಾವಿಯೂ ಬಂತು. ನೀರು ಸಿಹಿಯಾಗಿತ್ತು. ಬುತ್ತಿ ಉಂಡು ಅರಕಲಗೂಡು ಸೇರಿ ಒಂದು ಕಾಫಿ ಹೋಟೆಲಿಗೆ ಹೋದೆವು. ಎರಡು ಕಾಫಿ ಎಂದು ರುದ್ರಣ್ಣ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ. ಬಂದದ್ದು ಮೂರು. ಮಾಣಿ ಮೂರನೆಯ ಲೋಟವನ್ನು ನನ್ನ ಪಕ್ಕದ ಖಾಲಿ ಜಾಗದ ಮುಂದಿಟ್ಟು ಹೋದ. ರುದ್ರಣ್ಣ ಅದನ್ನೂ ಎತ್ತಿ ಕುಡಿದು, ಗಂಗಾಧರನ ಪಾಲು ಎಂದು ನಕ್ಕ. ನಾನೂ ನಕ್ಕೆ. ಹೋಟೆಲಿನ ಗಡಿಬಿಡಿಯಲ್ಲಿ ಒಂದು ಲೋಟ ಹೆಚ್ಚು ಬರುವುದು ಎಲ್ಲಿಯಾದರೂ ಆಗುವ ಮಾತು.

ಕೊಣನೂರಿನಲ್ಲಿ ರುದ್ರಣ್ಣನ ಸೋದರತ್ತೆಯ ಮನೆಯಲ್ಲಿ ತಂಗಿದೆವು. ಸೆಕೆ ಎಂದು ಜಗಲಿಯ ಮೇಲೆ ಮೂರು ಚಾಪೆ ಹಾಸಿಸಿದ್ದರು. ಮೂವರು ಬರುತ್ತೇವೆಂದು ಮೊದಲೇ ತಿಳಿಸಿದ್ದರಿಂದ ಅದರಲ್ಲಿ ವಿಶೇಷವೇನಿಲ್ಲ. ಗಂಗಾಧರನಿಗೆ ಜ್ವರ ಎಂದು ಆಕೆಗೆ ಹೇಳಬೇಕೆಂದುಕೊಂಡವರು ಕಾವೇರಿಯ ಕಡೆಯಿಂದ ಬರುತ್ತಿದ್ದ ತಣ್ಣನೆಯ ಗಾಳಿಗೆ ಹಾಗೆಯೇ ನಿದ್ದೆಹೋದೆವು. ಎದ್ದಾಗ ಬಿಸಿಲು ಕಾಲಮೇಲೆ ಬಿದ್ದಿತ್ತು. ಮೂರನೆಯ ಚಾಪೆ ಸುತ್ತಿ ಗೋಡೆಗೆ ಒರಗಿಸಿತ್ತು.

"ಏನ್ರಪ್ಪಾ, ಬೆಳ್ಳಂಬೆಳಗಾದ್ರೂ ಮಲಗೇ ಇದ್ದೀರಲ್ಲ ಇಬ್ರೂ. ನಿಮ್ಮ ಜೊತೆಯೋನೇ ವಾಸಿ, ಆಗ್ಲೇ ಎದ್ದು ಚಾಪೆ ಸುತ್ತಿಟ್ಟು ಹೊಳೆ ಕಡೀಕೆ ಓದ," ಎಂದು ಅತ್ತೆ ಬಾಗಿಲಿಗೆ ನೀರು ಹಾಕುತ್ತ ಹೇಳಿದರು.

ಆಳುಗಳು ಯಾರೋ ಸುತ್ತಿಟ್ಟಿರಬೇಕು, ಅತ್ತೆಯ ಕಣ್ಣಿಗೆ ಮಸುಕಿನಲ್ಲಿ ಹಾಗೆ ಕಂಡಿರಬೇಕು ಎಂದು ನಾನೇ ಮೊದಲು ಹೇಳಿದೆ. ರುದ್ರಣ್ಣ ಹೌದೆಂದು ತಲೆಯಾಡಿಸಿದ. ಹೊಳೆಗೆ ಹೋದೆವು. ಬಂಡೆಗಳ ನಡುವೆ ನೀರು ಅವನು ಹೇಳಿದ ಹಾಗೆಯೇ ಸಣ್ಣಗೆ ಹರಿಯುತ್ತಿತ್ತು, ಬೆಳಕು ಅದರೊಳಗೆ ಇಳಿದು ತಳದ ಮರಳೆಲ್ಲ ಕಾಣುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ. ಆದರೂ ನಾಚಿಕೆ ಬಿಟ್ಟು ಹೇಳುತ್ತೇನೆ, ನೀರಿಗೆ ಇಳಿದ ಮೇಲೆ ನಮ್ಮಿಬ್ಬರಿಗಿಂತ ಸ್ವಲ್ಪ ಮೇಲಕ್ಕೆ ಇನ್ನೊಬ್ಬರು ಮೀಯುತ್ತಿದ್ದಾರೆ ಎನ್ನಿಸುತ್ತಲೇ ಇತ್ತು. ಅದು ಭಯವಲ್ಲ. ಜೊತೆಯವರು ಇರುವಾಗಿನ ನೆಮ್ಮದಿಯಂಥದು.

ಹಿಂದಕ್ಕೆ ಅರಕಲಗೂಡಿಗೆ ಬಂದು, ಪೂರ್ವಕ್ಕೆ ತಿರುಗಿ, ಹೊಳೆನರಸೀಪುರ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಇದ್ದಿಲು ಮುಗಿಯುತ್ತ ಬಂದಿತ್ತು. ಕೇಳಿಕೊಂಡು ಹೇಮಾವತಿಯ ದಡದ ಹತ್ತಿರದ ಇದ್ದಿಲಿನವನ ಹತ್ತಿರ ಹೋದರೆ, ಅವನು ನಮ್ಮನ್ನು ಕಂಡಕೂಡಲೇ ಎದ್ದು, ಗೋಡೆಗೆ ಒರಗಿಸಿದ್ದ ಎರಡು ಮೂಟೆ ತೋರಿಸಿದ.

"ನಿಮ್ಮೋರು ಬಂದು ಏಳ್ಬುಟ್ಟು ಓದ್ರು ಸಾ. ಹಿಂದ್ಗಡೆ ಕಾರು ಬತ್ತಾ ಅದೆ, ಹುಡಿ ಜರಡಿ ಹಿಡ್ದು ಎರಡು ಮೂಟೆ ಕಟ್ಟಿ ಮಡಗು ಅಂದ್ರು. ಒಂದು ಚೊಂಬು ನೀರು ಕುಡುದ್ರು, ಇಲ್ಲೇ ಸ್ವಲ್ಪ ಕೂತಿದ್ರು. ಈಗ ಇಂಗೆ ಪಟ್ಟಣದ ದಾರೀಲಿ ನಡ್ಕೊಂಡೇ ಓದ್ರು."

ಪಟ್ಟಣವೆಂದರೆ ಚನ್ನರಾಯಪಟ್ಟಣ. ಯಾರು, ಹೇಗಿದ್ದರು ಎಂದು ರುದ್ರಣ್ಣ ಕೇಳಿದ. ತೆಳ್ಳಗೆ, ನಿಮ್ಮ ವಯಸ್ಸಿನವರೇ, ಬಿಸಿಲಿಗೆ ಬಹಳ ಬಳಲಿದ್ದರು ಎಂದ. ಹೆಸರು ಕೇಳಬೇಕೆಂದು ನಮಗೆ ತೋಚಲಿಲ್ಲ. ತೆಳ್ಳಗೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಗಂಗಾಧರನೇ ನಿಂತುಬಿಟ್ಟಿದ್ದ.

ನನ್ನ ಬುದ್ಧಿ ಇನ್ನೂ ಕೆಲಸ ಮಾಡುತ್ತಿತ್ತು. ಜ್ವರ ಬರುವುದಕ್ಕೆ ಮೊದಲೇ ಬಸ್ಸಿನವರ ಕೈಲಿ ಹೇಳಿಕಳಿಸಿರಬೇಕು, ಬಂದವನು ಯಾವನೋ ಕ್ಲೀನರು ಇರಬೇಕು ಎಂದೆ. ಇದ್ದಿಲಿನವನು ಮೂಟೆ ಎತ್ತಿ ತರುವಾಗ ಹಿಂದಿನ ಸೀಟನ್ನು ಇಣುಕಿ ನೋಡಿದ. ಅರಿಸಿನ ಹಚ್ಚಿದ ಗಂಟು ಕಂಡು ಅವನ ಮುಖ ಬದಲಾಯಿತು.

"ಇದು ಪರಸ್ಥಾನದ ಗಂಟಲ್ವಾ ಸಾ? ಆಳು ಒಂದ್ಕಡೆ ಗಂಟು ಒಂದ್ಕಡೆ ಮಾಡ್ಬುಟ್ಟಿದ್ದೀರಲ್ಲ. ಮೊದ್ಲು ಅವ್ರನ್ನ ಕೂಡ್ಸಿ. ಎರಡೂ ಒಟ್ಟಿಗೇ ಮನೆ ಸೇರ್ಬೇಕು."

ಹೊಳೆನರಸೀಪುರದಿಂದ ಹಾಸನಕ್ಕೆ ನೇರವಾದ ದಾರಿಯಿದೆ. ಹೊರಟರೆ ಸಂಜೆಯೊಳಗೆ ಗಂಗಾಧರನ ಮನೆಯ ಮುಂದೆ ನಿಲ್ಲಬಹುದಿತ್ತು. ಕಾರನ್ನು ನೆರಳಿಗೆ ತಂದು ನಾವಿಬ್ಬರೂ ಕೆಳಗಿಳಿದು ನಿಂತೆವು. ಹಾಸನದಲ್ಲಿ ಏನಾಗಿದೆಯೋ ಎಂಬ ಭಯ ಇಬ್ಬರಿಗೂ ಇತ್ತು. ಕೂಡಲೇ ಹಾಸನಕ್ಕೆ ಹೋಗೋಣ ಎಂದೆ ನಾನು. ರುದ್ರಣ್ಣ ಡ್ರಮ್ಮಿನ ಚಕ್ರವನ್ನು ತಿರುಗಿಸುತ್ತ ತಿರುಗಿಸುತ್ತ ನಿಲ್ಲಿಸಿದ. ಮಂಡಿಯ ಗಿರಾಕಿಗಳು ಬೆಚ್ಚಿಬೀಳುವಂಥ ಅವನ ದನಿ ಅಂದು ಸಣ್ಣಗೆ ಬಂತು.

"ಓಗಣ ಮೇಷ್ಟ್ರೇ. ಆದ್ರೆ ಅವನು ಆ ಕಡೆ ಒಬ್ನೇ ಓಯ್ತಾವ್ನಲ್ಲ. ಬಿಟ್ಟು ಎಂಗೆ ಓಗದು?"

ನೀವು ನಗಬಹುದು. ಒಬ್ಬ ಗಣಿತದ ಮೇಷ್ಟ್ರು, ಒಬ್ಬ ಮಂಡಿ ವ್ಯಾಪಾರಿ, ಹಾಡಹಗಲಲ್ಲಿ ರಸ್ತೆಯ ಬದಿಯಲ್ಲಿ ನಿಂತು, ಹಾಸನದಲ್ಲಿ ಹಾಸಿಗೆ ಹಿಡಿದಿರುವ ಸ್ನೇಹಿತ ಚನ್ನರಾಯಪಟ್ಟಣದ ದಾರಿಯಲ್ಲಿ ನಡೆದು ಹೋಗುತ್ತಿದ್ದಾನೆ, ಅವನನ್ನು ಹಿಂದೆ ಬಿಟ್ಟು ಹೋಗುವುದು ಸರಿಯಲ್ಲ ಎಂದು ಚರ್ಚೆ ಮಾಡುತ್ತಿದ್ದರು. ಆ ಗಳಿಗೆಯಲ್ಲಿ ಅದಕ್ಕಿಂತ ಸಹಜವಾದ ಮಾತು ಇನ್ನೊಂದಿರಲಿಲ್ಲ. ಹಾಸನಕ್ಕೆ ಹೋಗಿ ಬರಿಯ ಗಂಟನ್ನು ಅವನ ತಾಯಿಯ ಕೈಗೆ ಕೊಟ್ಟು, ಮಗನನ್ನು ದಾರಿಯಲ್ಲಿ ಬಿಟ್ಟು ಬಂದೆವು ಎಂದು ಹೇಳುವುದು ನನ್ನಿಂದಲೂ ಆಗುತ್ತಿರಲಿಲ್ಲ. ಚನ್ನರಾಯಪಟ್ಟಣದ ಕಡೆಗೆ ಕಾರು ತಿರುಗಿಸಿದೆವು.

ಬಿಸಿಲು ಕುದಿಯುತ್ತಿತ್ತು. ದೂರದಲ್ಲಿ ರಸ್ತೆ ನೀರಿನ ಹಾಗೆ ಅಲುಗುತ್ತಿತ್ತು, ಆ ಅಲುಗಾಟದೊಳಗೆ ಆಗಾಗ ಒಬ್ಬ ಮನುಷ್ಯ ನಡೆಯುತ್ತಿರುವಂತೆ ಕಾಣುತ್ತಿತ್ತು. ಹತ್ತಿರ ಹೋದರೆ ಮೈಲಿಗಲ್ಲೋ, ಗಿಡವೋ, ಏನೂ ಇಲ್ಲವೋ. ದಂಡಿಗನಹಳ್ಳಿಯ ಕಡೆಯ ಒಂದು ಏರಿನಲ್ಲಿ ಕಾರು ಉಸಿರು ಬಿಟ್ಟು ನಿಂತಿತು. ರುದ್ರಣ್ಣ ಚಾಲಕನ ಜಾಗದಲ್ಲಿ ಕುಳಿತ, ನಾನು ಇಳಿದು ಬಲಗಡೆಯಿಂದ ತಳ್ಳಿದೆ. ನನ್ನೊಬ್ಬನ ತಳ್ಳುವಿಕೆಗೆ ಜಗ್ಗುವ ಗಾಡಿಯಲ್ಲ ಅದು, ಡ್ರಮ್ಮಿನ ಭಾರ ಬೇರೆ. ಆದರೂ ಅದು ನಿಧಾನವಾಗಿ ಹೊರಳಿತು. ಎಡಗಡೆಯಿಂದ ಯಾರೋ ಹೆಗಲು ಕೊಟ್ಟ ಹಾಗೆ, ನನಗೆ ದಣಿವೇ ಇಲ್ಲದ ಹಾಗೆ, ಏರಿನ ತಲೆಯವರೆಗೂ ಹೋಯಿತು. ರುದ್ರಣ್ಣ ತಲೆ ಹೊರಗೆ ಹಾಕಿ ಜೊತೆಗೆ ಯಾರು ಸಿಕ್ಕಿದರು ಎಂದು ಕೇಳಿದ. ಯಾರೂ ಇಲ್ಲ ಎಂದೆ.

ಚನ್ನರಾಯಪಟ್ಟಣ ಸೇರಿದಾಗ ಅಂಚೆ ಕಚೇರಿ ಮುಚ್ಚಿತ್ತು. ಹಾಸನಕ್ಕೆ ತಂತಿ ಕೊಡುವ ಆಸೆ ತಪ್ಪಿತು. ಛತ್ರದಲ್ಲಿ ಹೇಗೋ ಹೊತ್ತು ಕಳೆದು, ಕೋಳಿ ಕೂಗುವಾಗಲೇ ಎದ್ದು ಕಾರಿಗೆ ಬೆಂಕಿ ಹಚ್ಚಿದೆವು. ಎಳೆಬಿಸಿಲಿನಲ್ಲಿ ಅವನು ಇರುವುದಾದರೆ ಇರುವ ಜಾಗ ಒಂದೇ ಎಂದು ಇಬ್ಬರಿಗೂ ಗೊತ್ತಿತ್ತು. ಬೆಳಗೊಳದ ಬೆಟ್ಟದ ಕಡೆ ತಲೆ ಎತ್ತಿ ಕೂಡ ನೋಡದೆ ನೇರ ಜಿನನಾಥಪುರಕ್ಕೆ ಹೋದೆವು.

ಆ ಬೆಳಗನ್ನು ನಾನು ಮರೆಯುವಂತಿಲ್ಲ. ಬಸದಿಯ ಗೋಡೆಯ ಮೇಲೆ ಬೆಳಕು ಅಡ್ಡವಾಗಿ ಬಿದ್ದು, ಕಲ್ಲಿನ ಹೆಂಗಸರ ಕೈಬಳೆ, ಸೊಂಟದ ಪಟ್ಟಿ, ತುಟಿಯ ಕೊನೆ ಎಲ್ಲವೂ ಆಗಷ್ಟೇ ಎಚ್ಚರಗೊಂಡಂತೆ ಕಾಣುತ್ತಿದ್ದವು. ಇಷ್ಟು ಚೆನ್ನಾದದ್ದನ್ನು ಕಾಣದೆಯೇ ಅವನು ಇಷ್ಟು ಸರಿಯಾಗಿ ಹೇಗೆ ಹೇಳಿದ ಎಂದು ನೆನೆದು ನನಗೆ ಅಳು ಬಂತು. ಮನೆಯ ಮುಂದೆ ಸಗಣಿ ಸಾರಿಸುತ್ತಿದ್ದ ಹೆಂಗಸೊಬ್ಬಳನ್ನು ರುದ್ರಣ್ಣ, ಇಲ್ಲಿಗೆ ಯಾರಾದರೂ ಬಂದಿದ್ದರೇ ಎಂದು ಕೇಳಿದ. ಅವಳು ಕೈಯಿಂದಲೇ ಬಸದಿಯ ಜಗತಿಕಟ್ಟೆ ತೋರಿಸಿ, ಅಲ್ಲೇ ಕೂತಿದ್ದರಲ್ಲ, ಈಗ ಹಿಂದುಗಡೆ ಹೋದರು ನೋಡಿ ಎಂದಳು.

ಹಿಂದುಗಡೆ ಯಾರೂ ಇರಲಿಲ್ಲ. ಎರಡು ಸಲ ಸುತ್ತು ಬಂದೆವು. ಆಮೇಲೆ ರುದ್ರಣ್ಣ ಕಾರಿನ ಹತ್ತಿರ ಹೋಗಿ ಹಿಂದಿನ ಬಾಗಿಲು ತೆರೆದು ಹಿಡಿದುಕೊಂಡು, ಯಾರ ಕಡೆಗೂ ನೋಡದೆ ಹೇಳಿದ:

"ಸಾಕು ನಡಿಯಪ್ಪ. ಎಲ್ಲಾ ನೋಡಿದ್ದಾಯ್ತಲ್ಲ. ಅಮ್ಮ ಕಾಯ್ತಾ ಅವ್ರೆ, ಮನೆಗೆ ಓಗಣ ಬಾ."

ನಾವು ಕಾದೆವು. ಎಷ್ಟು ಹೊತ್ತೆಂದು ಹೇಳಲಾರೆ. ಹಳೆಯ ಕಾರು, ಅದರ ಸ್ಪ್ರಿಂಗುಗಳು ಯಾರು ಕುಳಿತರೂ ಕಿರ್ರೆನ್ನುತ್ತಿದ್ದವು, ಆ ಸದ್ದು ನಮ್ಮ ಕಿವಿಗೆ ಅಷ್ಟು ರೂಢಿ. ಅದೇ ಸದ್ದು ಈಗ ಆಯಿತು. ಕಾರಿನ ಹಿಂಭಾಗ ಒಂದಿಷ್ಟು ತಗ್ಗಿತು. ರುದ್ರಣ್ಣ ಮೆತ್ತಗೆ ಬಾಗಿಲು ಹಾಕಿ ಮುಂದೆ ಬಂದು ಕುಳಿತ.

ಹಾಸನದವರೆಗೂ ನಾವು ಹಿಂದೆ ತಿರುಗಿ ನೋಡಲಿಲ್ಲ. ಆದರೆ ಮಾತು ನಿಲ್ಲಿಸಲಿಲ್ಲ. ಇದು ಪಟ್ಟಣದ ಕೆರೆ ಏರಿ, ಅಗೋ ಎಷ್ಟು ಕೊಕ್ಕರೆ ನೋಡು, ಈ ಆಲದಮರದ ಕೆಳಗೆ ಬಸ್ಸು ನಿಲ್ಲುತ್ತದಂತೆ ಎಂದು ಸರದಿಯ ಮೇಲೆ ಹೇಳುತ್ತ ಬಂದೆವು. ಕಾಯಿಲೆಯ ಸ್ನೇಹಿತನನ್ನು ಆಸ್ಪತ್ರೆಯಿಂದ ಕರೆತರುವವರು ಹೇಗೆ ಮಾತಾಡುತ್ತಾರೋ ಹಾಗೆ. ಗಂಗಾಧರ ಉಳಿದಿದ್ದಾನೋ ಇಲ್ಲವೋ, ಅವನನ್ನು ಮನೆ ಮುಟ್ಟಿಸುತ್ತಿದ್ದೇವೆ ಎನ್ನುವುದೊಂದೇ ನಮಗಿದ್ದ ಸಮಾಧಾನ.

ಮನೆಯ ಮುಂದೆ ಕಾರು ನಿಂತಿತು. ಜಗಲಿಯ ಮೇಲೆ ಗಂಗಾಧರ ಕುಳಿತು ಹುರಿಗಾಳು ತಿನ್ನುತ್ತಿದ್ದ.

ನಾವು ಹೊರಟ ದಿನ ಮಧ್ಯಾಹ್ನವೇ ಬೆವತು ಜ್ವರ ಬಿಟ್ಟಿತ್ತಂತೆ. ಸಂಜೆಗೆ ಎದ್ದು ಗಂಜಿ ಕುಡಿದನಂತೆ. ಅಂದಿನಿಂದ ಇದೇ ಜಗಲಿಯ ಮೇಲೆ ಕುಳಿತು, ನನ್ನನ್ನು ಬಿಟ್ಟು ಹೋದರಲ್ಲ ಎಂದು ತಾಯಿಯ ತಲೆ ತಿನ್ನುತ್ತಿದ್ದನಂತೆ. ಕನಸು ಗಿನಸು ಏನಾದರೂ ಬಿತ್ತೇ ಎಂದು ಕೇಳಿದೆ. ಒಂದೂ ಇಲ್ಲ, ಗಡದ್ದಾಗಿ ನಿದ್ದೆ ಮಾಡಿದೆ ಎಂದ. ಬಸ್ಸಿನವರ ಕೈಲಿ ಯಾರಿಗೂ ಏನೂ ಹೇಳಿಕಳಿಸಿರಲಿಲ್ಲ. ರುದ್ರಣ್ಣ ಅವನನ್ನು ಎರಡು ಕೈಯಲ್ಲೂ ಬಾಚಿ ತಬ್ಬಿಕೊಂಡ. ಅವನ ಭುಜದ ಮೇಲಿಂದ ರುದ್ರಣ್ಣನ ಕಣ್ಣು ಕಾರಿನ ಕಡೆಗೆ ಹೋಯಿತು. ಆಗ ನನಗೂ ಹೊಳೆಯಿತು. ಸಂತೋಷದಿಂದ ಬಂದಿದ್ದ ನಗು ನನ್ನ ಮುಖದ ಮೇಲೇ ಉಳಿದುಹೋಯಿತು.

ಎಲ್ಲವನ್ನೂ ಹೇಳಿದೆವು. ಗಂಗಾಧರ ಮೊದಮೊದಲು ನಾವು ಕೀಟಲೆ ಮಾಡುತ್ತಿದ್ದೇವೆಂದುಕೊಂಡ. ಆಮೇಲೆ ಹುರಿಗಾಳಿನ ತಟ್ಟೆ ಕೆಳಗಿಟ್ಟ.

"ನಾನು ಅಂದ್ಕೊಂಡು ಕರೆದ್ರಾ?" ಎಂದ.

ಹೌದೆಂದೆ.

"ಬಂದ್ನಾ?"

ಇಬ್ಬರೂ ಕಾರಿನ ಕಡೆ ನೋಡಿದೆವು. ಕಾರಿನ ಡ್ರಮ್ಮು ತಣ್ಣಗಾಗುತ್ತ ಟಕ್ ಟಕ್ ಎನ್ನುತ್ತಿತ್ತು. ಹಿಂದಿನ ಬಾಗಿಲು ಹಾಕಿದಂತೆಯೇ ಇತ್ತು, ಅದನ್ನು ತೆಗೆಯುವ ಎದೆಗಾರಿಕೆ ನಮ್ಮ ಮೂವರಲ್ಲಿ ಒಬ್ಬರಿಗೂ ಇರಲಿಲ್ಲ.

ಹೊಸಿಲಿನಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಗೌರಮ್ಮನವರು ಸೆರಗು ಸರಿಮಾಡಿಕೊಂಡು ಕೆಳಗಿಳಿದರು. ಅವರ ಮುಖದಲ್ಲಿ ಹೆದರಿಕೆಯಾಗಲಿ ಬೆರಗಾಗಲಿ ನನಗೆ ಕಾಣಲಿಲ್ಲ. ನಮಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಬೈದರು.

"ಮನೆಗೆ ಬಾ ಅಂತ ಕರ್ದು ಬಿಸಿಲಲ್ಲಿ ಕೂರ್ಸಿದ್ದೀರಲ್ಲ. ಯಾರಾದ್ರೇನು, ಹಸ್ಕೊಂಡಿರಕಿಲ್ವಾ?"

ತಾವೇ ಹೋಗಿ ಬಾಗಿಲು ತೆರೆದರು. ಗಂಟನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡು, ಬಾಪ್ಪ, ಕೈಕಾಲು ತೊಳ್ಕೊ, ಊಟಕ್ಕೆ ಆಗ್ಯದೆ ಎಂದು ನಮ್ಮನ್ನು ಕರೆಯುವ ಅದೇ ದನಿಯಲ್ಲಿ ಹೇಳಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು. ಸ್ಪ್ರಿಂಗು ಮತ್ತೊಮ್ಮೆ ಸದ್ದು ಮಾಡಿತು. ಬಚ್ಚಲ ಕಲ್ಲಿನ ಹತ್ತಿರ ಒಂದು ಚೊಂಬು ನೀರು ಇಟ್ಟು ಬಂದು, ನಡುಮನೆಯಲ್ಲಿ ನಾಲ್ಕು ಮುತ್ತುಗದ ಎಲೆ ಹಾಕಿದರು. ಗಂಗಾಧರ, ರುದ್ರಣ್ಣ, ನಾನು, ನನ್ನ ಪಕ್ಕದಲ್ಲಿ ನಾಲ್ಕನೆಯದು. ನಾಲ್ಕಕ್ಕೂ ಒಂದೇ ಸಮನಾಗಿ ಮುದ್ದೆ, ಬಸ್ಸಾರು, ಅನ್ನ, ಮಜ್ಜಿಗೆ ಬಡಿಸಿದರು. ನಾನು ನನ್ನ ಎಲೆಯಿಂದ ತಲೆ ಎತ್ತಲಿಲ್ಲ. ಎಲೆಗಳನ್ನು ಎತ್ತಿದವರು ಗೌರಮ್ಮನವರೇ.

ಯುದ್ಧ ಮುಗಿದ ಮೇಲೆ ಗಂಗಾಧರ ಬಸ್ಸಿನಲ್ಲಿ ಅದೇ ದಾರಿ ಸುತ್ತಿ ಬಂದ. ಹೊಳೆನರಸೀಪುರದಲ್ಲಿ ಇಳಿದು ಇದ್ದಿಲಿನವನನ್ನು ಹುಡುಕಿ, ಅವತ್ತು ಬಂದು ನೀರು ಕುಡಿದವನು ನಾನೇನಾ ಎಂದು ಎದುರಿಗೆ ನಿಂತು ಕೇಳಿದನಂತೆ. ಅವನು ಮೇಲಿಂದ ಕೆಳಗೆ ನೋಡಿ, ಅಲ್ಲ ಸಾ, ಅವರೇ ಬೇರೆ ಎಂದನಂತೆ. ಇನ್ನು ಮುಂದಕ್ಕೆ ಕೇಳಲು ಗಂಗಾಧರನಿಗೆ ಮನಸ್ಸಾಗಲಿಲ್ಲ. ಆ ದಾರಿಯಲ್ಲಿ ಎಂದೋ ಹೊರಟು ಮನೆ ಸೇರದೆ ಹೋದವನು ಯಾವನೋ, ಗಂಟು ಕಂಡು ನಮ್ಮ ಜೊತೆಗೆ ಬಂದನೋ. ಅಥವಾ ಬಿಸಿಲು, ನಿದ್ದೆಗೇಡು, ಗೆಳೆಯನ ಚಿಂತೆ ಎಲ್ಲ ಸೇರಿ ನಮ್ಮಿಬ್ಬರ ತಲೆ ಕೆಡಿಸಿದ್ದವೋ. ಎರಡನೆಯದೇ ಇರಬೇಕೆಂದು ಹಗಲು ಹೊತ್ತಿನಲ್ಲಿ ನನಗೆ ಅನ್ನಿಸುತ್ತದೆ. ಆದರೆ ನಮ್ಮ ತಲೆ ಕೆಟ್ಟರೆ ಇದ್ದಿಲಿನವನದೂ, ಕೊಣನೂರಿನ ಅತ್ತೆಯದೂ, ಜಿನನಾಥಪುರದ ಹೆಂಗಸಿನದೂ ಹೇಗೆ ಕೆಟ್ಟಿತು ಎಂಬ ಲೆಕ್ಕ ಇಂದಿಗೂ ಬಿಡಿಸಲಾಗಿಲ್ಲ.

ಗೌರಮ್ಮನವರನ್ನು ನಾನು ಒಂದೇ ಒಂದು ಸಲ ಕೇಳಿದ್ದೆ. ಆಗ ಅವರಿಗೆ ವಯಸ್ಸಾಗಿತ್ತು, ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಆ ನಾಲ್ಕನೆಯ ಎಲೆ ಎತ್ತಿದಾಗ ಹೇಗಿತ್ತಮ್ಮ ಎಂದೆ. ಅವರು ಏನೋ ಮನಸ್ಸಿಗೆ ನೋವಾದವರಂತೆ ಕೈ ನಿಲ್ಲಿಸಿದರು.

"ಇನ್ನೊಂದು ಸಲ ಅನ್ನ ಬೇಕಾ ಅಂತ ನಾನು ಕೇಳ್ಲೇ ಇಲ್ಲ ಕಣಪ್ಪ," ಎಂದರು.